ಗಂಟೆ ಬಾರಿಸಿದ್ದು ನೀರಿಗಾಗಿ

ಮಧುಗಿರಿ
೬-೮-೨೦೨೫, ಬುಧವಾರ

ಒಡಹುಟ್ಟಿದ ಅಣ್ಣ ಚನ್ನಮಲ್ಲಯ್ಯನಿಗೆ, ತಂಗಿ ಇಂದ್ರಮ್ಮ ಬರೆಯುವ ಕಾಗದ.

ತೀರ್ಥರೂಪು ಎಂದು ಶುರುಮಾಡಬೇಕಿತ್ತು. ಬರೆಯಲು ಹೋದೆ, ಕೈ ಏಳಲಿಲ್ಲ. ನಮ್ಮಪ್ಪ ಕಲಿಸಿದ ಪದ್ಧತಿಯಂತೆ ಮೊದಲು ನಿನ್ನ ಆರೋಗ್ಯ ವಿಚಾರಿಸುತ್ತೇನೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಮಂಡಿನೋವು ಹೇಗಿದೆ? ಅತ್ತಿಗೆ ತೀರಿಕೊಂಡ ಮೇಲೆ ಊಟ ತಿಂಡಿ ಹೊತ್ತಿಗೆ ಸರಿಯಾಗಿ ಆಗುತ್ತಿದೆಯೇ? ಪಾವಗಡದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡೆ ಎಂದು ಕೇಳಿದೆ, ಬಹಳ ಒಳ್ಳೆಯದಾಯಿತು. ಈ ಕಾಗದವನ್ನು ಬೇರೆಯವರ ಕೈಲಿ ಓದಿಸುವ ಕಷ್ಟ ನಿನಗೆ ಇಲ್ಲ. ಓದಿಸಲೂ ಬೇಡ, ಓದಿಸಿದರೆ ನಿನಗೇ ತೊಂದರೆ. ನೀನು ಇನ್ನೂ ಬಹಳ ವರ್ಷ ಚೆನ್ನಾಗಿರಬೇಕು ಅಣ್ಣ. ಕಣ್ಣು, ಕಿವಿ, ನೆನಪು ಎಲ್ಲ ನೆಟ್ಟಗಿರಬೇಕು. ಇದು ಹಾರೈಕೆಯೋ ಶಾಪವೋ ಎಂದು ಓದಿ ಮುಗಿಸಿದ ಮೇಲೆ ನೀನೇ ತೀರ್ಮಾನ ಮಾಡು.

ಹೋದ ಭಾನುವಾರ ನೀನು ನನ್ನ ಮನೆ ಬಾಗಿಲಿಗೆ ಬಂದೆ. ಮೂವತ್ತು ವರ್ಷ ದಾಟಿದ ಮೇಲೆ ನಿನಗೆ ಈ ಬಾಗಿಲು ನೆನಪಾಯಿತು. ಪಾವಗಡದ ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದೆ. ಚೀಲದಲ್ಲಿ ಮಗಳಿಗೆ ಇಷ್ಟವೆಂದು ಕಡಲೆಕಾಯಿ ಚಟ್ನಿಪುಡಿ, ಅದರ ಮೇಲೆ ನಿನ್ನ ಗದ್ದುಗೆಯ ವಿಭೂತಿ ಪೊಟ್ಟಣ. “ಇಂದ್ರಾ, ದಾಕ್ಷಾಯಿಣಿನ ನೋಡ್ಬೇಕು ಕಣಮ್ಮ. ಫೋನ್ ಮಾಡಿದ್ರೆ ಎತ್ತಲ್ಲ. ಅಳಿಯ ಬಾಯೇ ಬುಡಲ್ಲ, ಮಧುಗಿರಿ ಅತ್ತೆ ಮನೇಲವ್ಳೆ ಅಂತಾನೆ ಅಷ್ಟೇಯ. ಏನಾಗೈತೆ ನನ್ ಮಗಳ್ಗೆ?” ಅಂದೆ. ನಾನು ಹೊಸಿಲಿನ ಮೇಲೆ ನಿಂತು, ಎರಡೂ ಕೈ ಬಾಗಿಲ ಚೌಕಟ್ಟಿಗೆ ಕೊಟ್ಟು ಹೇಳಿದೆ: “ಅನುಷ್ಠಾನಕ್ಕೆ ಕೂತವ್ಳೆ ಕಣಣ್ಣ. ಮಾತಾಡ್ಸಿದ್ರೆ ವ್ರತ ಕೆಡ್ತದೆ. ವಾಪಸ್ ಹೋಗು.” ನಿನ್ನ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಅವು ಯಾರ ಮಾತು, ಯಾವ ಬಾಗಿಲಲ್ಲಿ ನಿಂತು ಯಾರಿಗೆ ಹೇಳಿದ್ದು ಎಂಬುದು ನಿನಗೆ ತಕ್ಷಣ ಹೊಳೆಯಿತು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಗಂಟೆ ಬಾರಿಸಿತು. ನೀನು ಅಭ್ಯಾಸಬಲದಿಂದ ಕೈಮುಗಿದೆ! ಚಟ್ನಿಪುಡಿ ತೆಗೆದುಕೊಂಡು, ವಿಭೂತಿ ಪೊಟ್ಟಣವನ್ನು ನಿನ್ನ ಕೈಗೇ ತಿರುಗಿಸಿ ಬಾಗಿಲು ಹಾಕಿದೆ. ಎದುರುಮನೆಯ ಹೊಂಗೆಮರದ ಕೆಳಗಿನ ಕಲ್ಲಿನ ಮೇಲೆ ನೀನು ಸಂಜೆ ಬಸ್ಸಿನ ತನಕ ಕೂತಿದ್ದೆ. ಕಿಟಕಿಯಿಂದ ನೋಡುತ್ತಿದ್ದೆ. ಹೊಟ್ಟೆ ತಣ್ಣಗಾಯಿತು.

ದಾಕ್ಷಾಯಿಣಿ ಬದುಕಿದ್ದಾಳೆ. ಈಗ ಇಷ್ಟು ಮಾತ್ರ ಹೇಳುತ್ತೇನೆ. ಏನು ಕಾಯಿಲೆ, ಹೇಗಿದ್ದಾಳೆ, ನೀನು ಯಾವಾಗ ನೋಡಬಹುದು ಎಲ್ಲವನ್ನೂ ಬರೆಯುತ್ತೇನೆ, ಆದರೆ ನನ್ನ ಸಾವಕಾಶಕ್ಕೆ. ಕೊನೆಯ ಹಾಳೆಗೆ ಹಾರಬೇಡ. ಬಾಗಿಲ ಹೊರಗೆ ಕಾಯುವುದು ಹೇಗಿರುತ್ತದೆ ಎಂದು ನಿನಗೂ ತಿಳಿಯಲಿ.

ಅಕ್ಕನ ವಿಷಯದಿಂದ ಶುರುಮಾಡುತ್ತೇನೆ. ಶಿವರುದ್ರಮ್ಮ ಎಂದು ನೀನು ಅಮೃತಶಿಲೆಯಲ್ಲಿ ಕೆತ್ತಿಸಿದ್ದೀಯಲ್ಲ, ಅವಳು ನಮಗೆ ಬರೀ ಅಕ್ಕ. ಅವ್ವ ಹೋದಾಗ ನನಗೆ ಇನ್ನೂ ಹಾಲುಹಲ್ಲು. ನಮ್ಮಿಬ್ಬರಿಗೂ ಉಣಿಸಿ, ತಲೆ ಬಾಚಿ, ಇಸ್ಕೂಲಿಗೆ ಕಳಿಸಿದವಳು ಅವಳು. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡನನ್ನು ಕಳೆದುಕೊಂಡು ವೈ.ಎನ್.ಹೊಸಕೋಟೆಗೆ ವಾಪಸು ಬಂದು ನಿನ್ನ ಸಂಸಾರಕ್ಕೆ ದುಡಿದವಳು. ನಿನಗೆ ಮುದ್ದೆ ಬಿಸಿ ಆರಿದರೆ ಇಳಿಯುವುದಿಲ್ಲ ಎಂದು ನೀನು ಅಂಗಡಿಯಿಂದ ಬರುವ ದಾರಿ ನೋಡಿಕೊಂಡು ಹಿಟ್ಟು ತೊಳಸುತ್ತಿದ್ದಳು. ಎದೆಯಲ್ಲಿ ಗಂಟು ಕಂಡಾಗ ಅವಳು ಮೊದಲು ಹೇಳಿದ್ದು ಅತ್ತಿಗೆಗೆ, ಅತ್ತಿಗೆ ಹೇಳಿದ್ದು ನಿನಗೆ. ನೀನು ಏನಂದೆ ಎಂದು ಅತ್ತಿಗೆ ಸಾಯುವ ಮುಂಚೆ ನನಗೆ ಹೇಳಿಯೇ ಹೋದಳು. “ಮನೇಲಿ ಆ ಕಾಯಿಲೆ ಐತೆ ಅಂತ ಗೊತ್ತಾದ್ರೆ ನಾಳೆ ನಮ್ಮ ಮಕ್ಳುನ್ನ ಯಾರ್ ಕೇಳ್ತಾರೆ? ಮುಚ್ಕಂಡಿರು.” ಅಕ್ಕ ಮುಚ್ಚಿಕೊಂಡಳು. ಗಂಟು ಒಡೆದು ಹುಣ್ಣಾಯಿತು. ಹುಣ್ಣು ಮುಚ್ಚಿಡಬಹುದು, ವಾಸನೆ ಮುಚ್ಚಿಡಲು ಆಗುವುದಿಲ್ಲವಲ್ಲ. ಆಗ ನೀನು ಅವಳನ್ನು ಹಿತ್ತಲ ಕಡೆಯ ಕಡಲೆಕಾಯಿ ಮೂಟೆ ಕೋಣೆಗೆ ಹಾಕಿ, ಧೂಪದ ಹೊಗೆ ಎಬ್ಬಿಸಿ, ಕೇಳಿದವರಿಗೆಲ್ಲ ಅಕ್ಕ ಅನುಷ್ಠಾನಕ್ಕೆ ಕೂತಿದ್ದಾಳೆ, ಮೌನ ಹಿಡಿದಿದ್ದಾಳೆ, ಇಷ್ಟಲಿಂಗ ಬಿಟ್ಟರೆ ಬೇರೆ ಯಾರ ಮುಖವನ್ನೂ ನೋಡುವುದಿಲ್ಲ ಎಂದು ಸಾರಿದೆ. ನಮ್ಮ ಜನಕ್ಕೆ ಅಷ್ಟು ಸಾಕು. ಅಂಗಳದಲ್ಲಿ ಹೆಂಗಸರು ಬಂದು ಕೂರತೊಡಗಿದರು, ತೆಂಗಿನಕಾಯಿ ಬಂದವು, ಹೂವು ಬಂದವು.

ಆ ಬೇಸಿಗೆ ರಜಕ್ಕೆ ನನ್ನ ಭವ್ಯ ನಿಮ್ಮಲ್ಲಿಗೆ ಬಂದಿದ್ದಳು, ನೆನಪಿದೆಯೇ? ಒಂಬತ್ತು ವರ್ಷದವಳು. ದೊಡ್ಡಮ್ಮನ ತಟ್ಟೆ ಒಳಗೆ ಇಟ್ಟು ಬರುವ ಕೆಲಸವನ್ನು ಅತ್ತಿಗೆ ಅವಳಿಗೆ ಹಚ್ಚಿದಳು, ಏಕೆಂದರೆ ಬೇರೆ ಯಾರಿಗೂ ಆ ಕೋಣೆಗೆ ಹೋಗಲು ಮನಸ್ಸಿರಲಿಲ್ಲ. ಹೋದವರು ಸೆರಗಿನಿಂದ ಮೂಗು ಮುಚ್ಚಿಕೊಂಡು, ತಟ್ಟೆಯನ್ನು ಕಾಲಿನಿಂದ ಒಳಗೆ ತಳ್ಳಿ ಬರುತ್ತಿದ್ದರಂತೆ. ಮಗು ಕೂಡ ಮೊದಲ ದಿನ ಲಂಗದ ಅಂಚು ಮೂಗಿಗೆ ಹಿಡಿದಳು. ಅಕ್ಕ ಹೇಳಿದಳಂತೆ, “ಮಗಾ, ನೀನೊಬ್ಳು ಮೂಗು ಮುಚ್ಕಬ್ಯಾಡ ಕಣಮ್ಮ. ಬಾ, ನನ್ ಕೈ ಹಿಡ್ಕ.” ಅಕ್ಕನ ಪಕ್ಕದಲ್ಲಿ ಒಂದು ಪೂಜೆಯ ಗಂಟೆ ಇತ್ತು. ಕೂಗಿದರೆ ಮೌನವ್ರತದ ಮರ್ಯಾದೆ ಹೋಗುತ್ತದೆ ಎಂದು ನೀನೇ ಕೊಟ್ಟಿದ್ದು. ಅಕ್ಕ ಬಾಯಾರಿದಾಗ ಅದನ್ನು ಬಾರಿಸುತ್ತಿದ್ದಳು. ಅಂಗಳದ ಹೆಂಗಸರು ಒಳಗೆ ಪೂಜೆ ಮುಗಿಯಿತು ಎಂದು ಕೈಮುಗಿಯುತ್ತಿದ್ದರು. ಮತ್ತೆ ಬಾರಿಸುತ್ತಿದ್ದಳು, ಮತ್ತೆ ಕೈಮುಗಿಯುತ್ತಿದ್ದರು. ನೀರಿನ ಚೊಂಬು ಹಿಡಿದು ಓಡುತ್ತಿದ್ದದ್ದು ನನ್ನ ಮಗಳೊಬ್ಬಳೇ. ಅವಳು ರಜ ಮುಗಿಸಿ ಮಧುಗಿರಿಗೆ ಬಂದಮೇಲೆ ಆ ಗಂಟೆಗೆ ಯಾರು ಓಡಿದರು? ಇದನ್ನು ನಾನು ನೂರು ಸಲ ಕೇಳಿಕೊಂಡಿದ್ದೇನೆ. ಈಗ ನಿನ್ನನ್ನು ಕೇಳುತ್ತಿದ್ದೇನೆ.

ಭವ್ಯ ಬಂದು, “ಅಮ್ಮಾ, ದೊಡ್ಡಮ್ಮ ಪೂಜೆ ಮಾಡ್ತಿಲ್ಲ, ಅವಳ ಎದೆ ಹುಣ್ಣಾಗಿದೆ” ಎಂದು ಹೇಳಿದ ಮರುದಿನವೇ ನಾನು, ನಮ್ಮೆಜಮಾನರು ಬಸ್ಸು ಹತ್ತಿದೆವು. ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸೋಣ, ನಾವೇ ನೋಡಿಕೊಳ್ಳುತ್ತೇವೆ ಎಂದೆವು. ನೀನು ಬಾಗಿಲಿಗೆ ಅಡ್ಡ ನಿಂತು ಆ ಮೂರು ಮಾತು ಹೇಳಿದೆ. ಅನುಷ್ಠಾನ, ವ್ರತ, ವಾಪಸ್ ಹೋಗು. ನಾನು ನುಗ್ಗಲು ಹೋದೆ. ಅಂಗಳದ ಹೆಂಗಸರು ನನ್ನ ಸೆರಗು ಹಿಡಿದು ಎಳೆದರು, “ಅಕ್ಕನ ಪುಣ್ಯ ಕಂಡು ತಂಗಿಗೆ ಹೊಟ್ಟೆಕಿಚ್ಚು” ಅಂದರು. ಒಳಗೆ ಗಂಟೆ ಬಾರಿಸುತ್ತಿತ್ತು ಅಣ್ಣ. ನನ್ನ ದನಿ ಕೇಳಿ ಬಾರಿಸಿದಳು ಅವಳು, ನಿಲ್ಲಿಸಲೇ ಇಲ್ಲ. ನಮ್ಮೆಜಮಾನರು ಪೊಲೀಸ್ ಠಾಣೆಗೂ ಹೋಗಿ ಬಂದರು. ಅಲ್ಲಿದ್ದವರೂ ನಿನ್ನ ಅಂಗಳದ ಪ್ರಸಾದ ತಿಂದವರೇ. ಶ್ರಾವಣದ ಕಡೇ ಸೋಮವಾರ ಅಕ್ಕ ಹೋದಳು. ನೀನು ಲಿಂಗೈಕ್ಯಳಾದಳು ಎಂದು ಡಂಗೂರ ಹೊಡೆಸಿದೆ, ಹುಣಸೆಮರದ ಪಕ್ಕ ಕೂರಿಸಿ ಮಣ್ಣುಮಾಡಿದೆ, ವರ್ಷ ತುಂಬುವುದರೊಳಗೆ ಗದ್ದುಗೆ ಎದ್ದಿತು. ಆ ಮಣ್ಣಿಗೆ ಒಂದು ಹಿಡಿ ಹಾಕುವುದಕ್ಕೂ ನನ್ನನ್ನು ಕರೆಯಲಿಲ್ಲ. ಇನ್ನು ನಿನ್ನ ಮುಖ ನೋಡುವುದಿಲ್ಲ ಎಂದು ನಾನು ಅಂದು ಆಣೆ ಹಾಕಿದೆ. ಅದನ್ನು ಮುರಿಸಿದ್ದು ಹೋದ ಭಾನುವಾರ ನೀನೇ.

ನನಗೆ ಸಿಟ್ಟು ಬಂದರೆ ಪಾತ್ರೆ ಸದ್ದು ಮಾಡುತ್ತದೆ. ಭವ್ಯ ಹಾಗಲ್ಲ, ಅವಳು ಓದಿದಳು. ಎಸ್ಸೆಸ್ಸೆಲ್ಸಿ ಮುಗಿಸಿದಾಗ ಏನಾಗುತ್ತೀಯ ಎಂದು ಮೇಷ್ಟರು ಕೇಳಿದರೆ “ಕ್ಯಾನ್ಸರ್ ಡಾಕ್ಟ್ರು” ಅಂದಳಂತೆ. ಬರೀ ಡಾಕ್ಟರು ಎಂದು ಒಂದು ದಿನವೂ ಹೇಳಿದವಳಲ್ಲ. ದಾವಣಗೆರೆಯಲ್ಲಿ ಎಂಬಿಬಿಎಸ್, ಆಮೇಲೆ ಸರ್ಜರಿ, ಆಮೇಲೆ ಬೆಂಗಳೂರಿನಲ್ಲಿ ಕ್ಯಾನ್ಸರ್ ಸರ್ಜರಿ. ಓದಿ ಮುಗಿಯುವ ಹೊತ್ತಿಗೆ ಅವಳ ಜೊತೆಯ ಹುಡುಗಿಯರ ಮಕ್ಕಳು ಇಸ್ಕೂಲಿಗೆ ಹೋಗುತ್ತಿದ್ದವು. ನೀನು ಯಾವುದೋ ಮದುವೆಯಲ್ಲಿ ನೆಂಟರ ಮುಂದೆ, “ಹೋಗಿ ಹೋಗಿ ಆ ಕಾಯಿಲೆ ಮುಟ್ಟೋ ಕೆಲ್ಸನಾ ಹೆಣ್ಣುಡ್ಗಿಗೆ?” ಎಂದು ನಕ್ಕೆಯಂತೆ. ಕೊರಟಗೆರೆಯಿಂದ ಬಂದ ಒಂದು ಸಂಬಂಧದವರೂ ಅದನ್ನೇ ಕೇಳಿದರು. ಕ್ಯಾನ್ಸರ್ ರೋಗಿಗಳನ್ನು ಮುಟ್ಟಿದ ಕೈಯಲ್ಲಿ ನಮ್ಮ ಹುಡುಗನಿಗೆ ಬಡಿಸುತ್ತಾಳಾ ಎಂದರು. ಭವ್ಯ ಒಳಗಿನಿಂದ ಬಂದು ಅವರ ಮುಂದಿದ್ದ ಉಪ್ಪಿಟ್ಟಿನ ತಟ್ಟೆಗಳನ್ನು ಎತ್ತಿಕೊಂಡು, “ಇದನ್ನೂ ನಾನೇ ಮಾಡಿದ್ದು, ಬಿಡಿ” ಅಂದಳು. ಆಮೇಲೆ ಸಿಕ್ಕಿದವನು ಪ್ರಸನ್ನ ಕುಮಾರ್, ಇಲ್ಲಿನ ಕಾಲೇಜಿನಲ್ಲಿ ಲೆಕ್ಕ ಹೇಳಿಕೊಡುತ್ತಾನೆ. ಇವಳು ಬರುವ ಹೊತ್ತಿಗೆ ಅನ್ನ ಸಾರು ಮಾಡಿಟ್ಟು ಕಾಯುತ್ತಾನೆ. ನಿನಗೆ ಬಿಸಿಮುದ್ದೆ ಹಿಡಿದು ಕಾಯುತ್ತಿದ್ದವಳೂ ಒಬ್ಬಳಿದ್ದಳು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯವರು ಬಿಡಲಾರೆವು ಎಂದರೂ ಬಿಟ್ಟು ಬಂದಳು. ಈಗ ಆಪರೇಷನ್ ಎಲ್ಲ ತುಮಕೂರಿನಲ್ಲಿ, ಉಳಿದ ದಿನ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ಕಾರಿನಲ್ಲೇ ಜೀವನ. ಆ ಕಾರಿನ ಸೀಟಿನ ಕೆಳಗೆ ನೋಡಿದರೆ ಬಾಳೆಹಣ್ಣಿನ ಸಿಪ್ಪೆ, ಬಿಸ್ಕತ್ತಿನ ಕವರು. ಕೊಳಾಲದಲ್ಲಿ ಒಬ್ಬ ಅಜ್ಜಿಗೆ ಔಷಧಿ ಕೊಡಲು ಹೋಗಿ, ಅಜ್ಜಿ ಹೊಲದಲ್ಲಿದ್ದಾಳೆಂದು ಬದುವಿನ ಮೇಲೇ ಡ್ರೆಸಿಂಗ್ ಮಾಡಿ ಬಂದಿದ್ದಾಳೆ. ಎಂಥ ಹುಣ್ಣು ಹೊತ್ತು ಬಂದರೂ ಮೊದಲ ಸಲ ನೋಡುವಾಗ ಮಾಸ್ಕು ಹಾಕುವುದಿಲ್ಲ. ಪಕ್ಕದಲ್ಲಿ ಕೂತು, ಕೈ ಹಿಡಿದು, ಊರು ಯಾವುದು ಮಕ್ಕಳೆಷ್ಟು ಎಂದು ಕೇಳಿ, ಆಮೇಲೆ ಮಾಸ್ಕು, ಆಮೇಲೆ ಹುಣ್ಣು. ಯಾಕೆ ಇಷ್ಟು ತಡ ಮಾಡಿದೆ ಎಂದು ಯಾವ ಹೆಂಗಸನ್ನೂ ಕೇಳಿದ್ದಿಲ್ಲ. ಜೊತೆಯಲ್ಲಿ ಬಂದ ಗಂಡಸಿಗೆ ಮಾತ್ರ ಕೇಳುತ್ತಾಳೆ, ಕೇಳಿದರೆ ಅವನು ತಲೆ ಬಗ್ಗಿಸಿ ಆಸ್ಪತ್ರೆಯ ಮೆಟ್ಟಿಲು ಎಣಿಸಬೇಕು, ಹಾಗೆ ಕೇಳುತ್ತಾಳೆ. ಅವಳ ವಾರ್ಡಿನಲ್ಲಿ ಪ್ರತಿ ಹಾಸಿಗೆಯ ಪಕ್ಕ ಒಂದು ಹಿತ್ತಾಳೆ ಗಂಟೆ ಇದೆ. ಸ್ವಿಚ್ಚು ಒತ್ತಿದರೆ ಸಾಲದೇ, ಇದೇನು ದೇವಸ್ಥಾನವೇ ಎಂದು ನರ್ಸುಗಳು ಗೊಣಗುತ್ತಾರೆ. ಗಂಟೆ ಕೇಳಿ ಓಡದಿದ್ದವರಿಗೆ ಅವಳ ಕೈಕೆಳಗೆ ಕೆಲಸವಿಲ್ಲ. ಅದು ಏಕೆಂದು ಅವರಿಗೆ ಗೊತ್ತಿಲ್ಲ, ನಿನಗೆ ಗೊತ್ತು.

ಇಷ್ಟಾದರೂ ಅವಳು ನಿನ್ನ ಬಗ್ಗೆ ಒಂದು ಕೆಟ್ಟ ಮಾತು ಆಡಿದವಳಲ್ಲ. ನನ್ನ ಕೋಪವನ್ನೂ ಬೇಡವೆನ್ನುತ್ತಿದ್ದಳು. ಅದು ಬದಲಾದದ್ದು ಆಂಜಿನಮ್ಮನಿಂದ. ಆಂಜಿನಮ್ಮ ನಿಮ್ಮ ಹೋಬಳಿಯವಳೇ, ಕೂಲಿಯವಳು. ಪಾವಗಡದಲ್ಲಿ ಭವ್ಯ ಕೂರುವ ದಿನ ಬಂದಳು. ರವಿಕೆ ಬಿಚ್ಚಿದರೆ ಎದೆಯ ತುಂಬ ವಿಭೂತಿ, ಗಟ್ಟಿಯಾಗಿ ಮೆತ್ತಿ, ಒಣಗಿ ಬಿರುಕು ಬಿಟ್ಟು, ಬಿರುಕಿನೊಳಗಿಂದ ಕೀವು. ಇದೇನಮ್ಮ ಎಂದು ಭವ್ಯ ಕೇಳಿದ್ದಕ್ಕೆ, “ಗದ್ದಿಗೆ ಅಮ್ಮಗಾರಿ ವಿಭೂತಿ ಅಚ್ಚಿದ್ರೆ ತಗ್ಗಿಪೋತುಂದಿ, ವಾಸಿ ಆಗೋಯ್ತದೆ ಅಂದ್ರು ಕಣಮ್ಮ. ಒಂದ್ ವರ್ಸದಿಂದ ಅಚ್ತಾ ಇವ್ನಿ” ಅಂದಳಂತೆ. ಸೆರಗಿನ ಗಂಟಿನಿಂದ ಪೊಟ್ಟಣವನ್ನೂ ತೆಗೆದು ತೋರಿಸಿದಳು. ಪೊಟ್ಟಣದ ಮೇಲೆ ಅಕ್ಕನ ಫೋಟೋ. ಯಾವ ಫೋಟೋ ಅದು, ಹೇಳು ನೋಡೋಣ? ಭವ್ಯಳ ನಾಮಕರಣದ್ದು. ತೊಡೆಯ ಮೇಲೆ ನನ್ನ ಮಗು ಇತ್ತು, ಅದನ್ನು ಕತ್ತರಿಸಿ ಹಾಕಿ ಅಕ್ಕನ ಮುಖ ಮಾತ್ರ ಅಚ್ಚು ಹಾಕಿಸಿದ್ದೀಯ. ಯಾವ ಕಾಯಿಲೆ ಅವಳನ್ನು ತಿಂದಿತೋ ಅದೇ ಕಾಯಿಲೆಗೆ ಅವಳ ಹೆಸರಿನಲ್ಲಿ ಬೂದಿ ಹಂಚಿದವನು ಈ ಭೂಮಿಯ ಮೇಲೆ ನೀನೊಬ್ಬನೇ ಇರಬೇಕು. ಆಂಜಿನಮ್ಮ ಉಳಿಯಲಿಲ್ಲ. ಭವ್ಯ ಆ ಪೊಟ್ಟಣವನ್ನು ತಂದು ನನ್ನ ಮುಂದಿಟ್ಟು, ಕೈ ತೊಳೆಯದೆ ಕೂತುಬಿಟ್ಟಳು. ಗದ್ದುಗೆಗೆ ಗುದ್ದಲಿ ತೆಗೆದುಕೊಂಡು ಹೋಗೋಣ ಎಂದು ನಾನಂದೆ. “ಕೆಡವಿದ್ರೆ ಇನ್ನೊಂದು ಕಟ್ತಾರಮ್ಮ. ಜನ ಬರೋ ಜಾಗ ಅದು. ಅಲ್ಲೇ ಕ್ಯಾಂಪ್ ಹಾಕ್ತೀನಿ” ಅಂದಳು ಅವಳು. ತಾನೇ ನಿನಗೆ ಫೋನು ಮಾಡಿ, ಮಾವಾ ಮಾವಾ ಎಂದು ಕೇಳಿಕೊಂಡಳು. “ಪವಿತ್ರ ಜಾಗ್ದಲ್ಲಿ ಹೆಂಗಸ್ರು ಎದೆ ಬಿಚ್ಚಿ ತೋರ್ಸದಾ? ಥೂ” ಎಂದು ನೀನು ಫೋನು ಕುಕ್ಕಿದೆ.

ಆಗ ಅವಳು ಹಿಡಿದ ದಾರಿ ಕೇಳು. ಗಂಡನಿಗೂ ಅವ್ವನಿಗೂ ತೋರಿಸದ ಗಂಟು ರವಿಕೆ ಹೊಲಿಯುವವಳಿಂದ ತಪ್ಪಿಸಿಕೊಳ್ಳುವುದು ಕಷ್ಟ. ಒಂದು ಕಡೆ ಸಡಿಲ ಮಾಡು ಅನ್ನುತ್ತಾರೆ, ಟೇಪು ತಾಗಿದರೆ ಹಿಂದೆ ಸರಿಯುತ್ತಾರೆ, ಅಳತೆಗೆ ಹಳೇ ರವಿಕೆ ಕೊಟ್ಟು ಮೈ ಮುಟ್ಟಬೇಡ ಅನ್ನುತ್ತಾರೆ. ಭವ್ಯ ನಾಲ್ಕು ತಾಲೂಕಿನ ಹೆಣ್ಣು ಟೈಲರುಗಳನ್ನು ಗುಂಪು ಗುಂಪಾಗಿ ಕೂರಿಸಿಕೊಂಡು ಪಾಠ ಮಾಡಿದಳು. ಬಟ್ಟೆಯ ಚೀಲಕ್ಕೆ ಹತ್ತಿ ತುಂಬಿ, ಒಳಗೆ ಹುಣಸೆಬೀಜ ಇಟ್ಟು, ಗಂಟು ಎಂದರೆ ಕೈಗೆ ಹೀಗೆ ಸಿಗುತ್ತದೆ ಎಂದು ತೋರಿಸಿದಳು. ಆ ಚೀಲಗಳನ್ನು ಹೊಲಿದು ಕೊಟ್ಟವಳು ನಾನೇ. ಗಂಟೆಂದು ಅನುಮಾನ ಬಂದರೆ ಹೆದರಿಸಬೇಡಿ, ಮೆಲ್ಲಗೆ ನನ್ನ ಹತ್ತಿರ ಕರೆದುಕೊಂಡು ಬನ್ನಿ, ಅಷ್ಟೇ ನಿಮ್ಮ ಕೆಲಸ ಎಂದಳು. ಚನ್ನರಾಯನದುರ್ಗದ ಕಡೆಯಿಂದ ಮೊದಲ ತಿಂಗಳಲ್ಲೇ ಹೆಂಗಸರು ಬಂದರು, ಕಡಲೆಬೀಜದಷ್ಟು ಗಂಟು ಇದ್ದಾಗಲೇ ಬಂದರು, ವಾಸಿಯೂ ಆದರು. ಇವಳು ಮನೆಗೆ ಬಂದು ಕುಣಿದಾಡಿದಳು.

ಈಗ ನೀನು ಕಾಯುತ್ತಿರುವ ಜಾಗಕ್ಕೆ ಬಂದೆ. ಶಿರಾದಲ್ಲಿ ಮಂಜಮ್ಮ ಎಂಬವಳು ಸಂತೆಬೀದಿಯಲ್ಲಿ ಮೆಷಿನ್ ಇಟ್ಟುಕೊಂಡಿದ್ದಾಳೆ. ಸಂಕ್ರಾಂತಿಗೆ ಮುಂಚೆ ನಿನ್ನ ಮಗಳು ದಾಕ್ಷಾಯಿಣಿ ಹಬ್ಬದ ರವಿಕೆ ಹೊಲಿಸಲು ಹೋಗಿ, ಎಡಗಡೆ ಮಾತ್ರ ಸಡಿಲ ಇರಲಿ ಅಂದಳು. “ಜರಾ ಕೂತ್ಕಳಕ್ಕ, ಟೀ ತರಿಸ್ತೀನಿ. ಒಂದೇ ಕಡೆ ಲೂಸ್ ಯಾಕೆ? ನನ್ ಹತ್ರ ಏನ್ ಮುಚ್ಚುಮರೆ?” ಎಂದು ಮಂಜಮ್ಮ ಕೇಳಿದ್ದಕ್ಕೆ ಇವಳು ಅಳುವುದಕ್ಕೆ ಶುರುಮಾಡಿದಳಂತೆ. ಗಂಟು ನಿಂಬೆಹಣ್ಣಿನಷ್ಟಾಗಿತ್ತು. ಅದರ ಮೇಲೆ ದಿನಾ ಸ್ನಾನವಾದ ಮೇಲೆ ಅವಳು ಏನು ಹಚ್ಚುತ್ತಿದ್ದಳು ಗೊತ್ತೇ? ನೀನು ತಿಂಗಳು ತಿಂಗಳು ಬಸ್ಸಿನಲ್ಲಿ ಕಳಿಸುತ್ತಿದ್ದ ವಿಭೂತಿ. ಮಂಜಮ್ಮ ಕರೆತಂದಾಗ ಭವ್ಯ ಒಂದು ಗಳಿಗೆ ಎದ್ದು ಹೊರಗೆ ಹೋಗಿ ನಿಂತಿದ್ದಳಂತೆ. ಆಮೇಲೆ ಒಳಗೆ ಬಂದು, ಕೈ ಹಿಡಿದು, ಎಲ್ಲರನ್ನೂ ಕೇಳುವಂತೆ ಇವಳನ್ನೂ ಕೇಳಿದಳು, ನಿಮ್ಮ ಮನೆಯಲ್ಲಿ ಹಿಂದೆ ಯಾರಿಗಾದರೂ ಈ ಕಾಯಿಲೆ ಇತ್ತಾ? ನಿನ್ನ ಮಗಳು ಎಂದಳು, “ಇಲ್ಲ ಕಣೇ ಭವ್ಯಾ. ನಮ್ ಮನೇಲಿ ಯಾರ್ಗೂ ಇಲ್ಲ. ನಮ್ಮತ್ತೆ ಇದ್ರಲ್ಲ ಗದ್ದುಗೆ ಅಮ್ಮನೋರು, ಅವ್ರು ಅನುಷ್ಠಾನದಲ್ಲೇ ಲಿಂಗೈಕ್ಯ ಆದ್ರು.” ಅವಳಿಗೆ ಏನು ಗೊತ್ತು? ಅಕ್ಕ ಹೋದಾಗ ಅವಳು ತೊಟ್ಟಿಲು ಬಿಟ್ಟು ಇಳಿದ ಮಗು. ಗೊತ್ತಿದ್ದಿದ್ದರೆ ಗಂಟು ಕೈಗೆ ಸಿಕ್ಕ ದಿನವೇ ಓಡಿ ಬರುತ್ತಿದ್ದಳು. ಗೊತ್ತಿದ್ದಿದ್ದರೆ ಭವ್ಯ ಅವಳನ್ನು ವರ್ಷ ವರ್ಷ ಕರೆದು ನೋಡುತ್ತಿದ್ದಳು. ಸ್ವಂತ ಅತ್ತೆಗೆ ಇದ್ದ ಕಾಯಿಲೆ ಇದು, ರಕ್ತದಲ್ಲಿ ಬರಬಹುದಾದ ಕಾಯಿಲೆ. ನಾಳೆ ಮಕ್ಕಳನ್ನು ಯಾರು ಕೇಳುತ್ತಾರೆ ಎಂದು ಅಕ್ಕನನ್ನು ಬಲಿಕೊಟ್ಟೆಯಲ್ಲ, ಆ ಮಕ್ಕಳನ್ನು ಕಾಯಿಲೆಯೇ ಹುಡುಕಿಕೊಂಡು ಬಂತು.

ನಾಲ್ಕೈದು ತಿಂಗಳು ಕೀಮೋ ಆಯಿತು. ಮಾರುದ್ದ ಇದ್ದ ಕೂದಲು ಒಂದೆಳೆ ಇಲ್ಲ. ಅಪ್ಪ ಹೆದರುತ್ತಾರೆ, ವಾಸಿಯಾದ ಮೇಲೆ ಹೇಳುತ್ತೇನೆ ಎಂದು ಫೋನಿನಲ್ಲಿ ನಿನಗೆ ಹೇಳದೆ ಇದ್ದವಳು ಅವಳೇ. ಹೋದ ತಿಂಗಳು ಆಪರೇಷನ್. ನೆಂಟರ ಮೈಗೆ ಕತ್ತಿ ಹಿಡಿಯಬಾರದು ಎಂದು ಭವ್ಯಳ ಗುರುಗಳು ಹೇಳಿದ್ದರಂತೆ. ಇವಳು ಅವರನ್ನೇ ಬೆಂಗಳೂರಿನಿಂದ ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಂಡು ತಾನೇ ಮಾಡಿದಳು. ಎಡಗಡೆಯದು ಪೂರ್ತಿ ತೆಗೆದಿದ್ದಾರೆ. ಈಗ ನಮ್ಮ ಮನೆಯಲ್ಲಿದ್ದಾಳೆ, ವಾರ್ಡಿನ ಗಂಟೆಯೊಂದು ಇಲ್ಲೂ ಅವಳ ಪಕ್ಕದಲ್ಲಿದೆ. ಗಾಯ ಒಣಗುತ್ತಿದೆ, ಇನ್ನು ಕರೆಂಟು, ಅಂದರೆ ರೇಡಿಯೇಷನ್, ಕೊಡುವುದು ಬಾಕಿ. ಉಳಿಯುತ್ತಾಳೆ ಎಂದು ಭವ್ಯ ಹೇಳುತ್ತಾಳೆ, ಅವಳು ಸುಮ್ಮಸುಮ್ಮನೆ ಹಾಗೆ ಹೇಳುವವಳಲ್ಲ. ನಿನ್ನ ಅಳಿಯ ಅಂಬರೀಶನಿಗೆ ನಾನು ದಿನಾ ಒಳ್ಳೆಯದಾಗಲಿ ಎನ್ನುತ್ತೇನೆ. ಮುಚ್ಚಿಡು ಎಂದು ಒಂದು ಮಾತು ಆಡಲಿಲ್ಲ, ಹೆಂಡತಿಯ ತಲೆ ಬೋಳಾದ ದಿನ ತಾನೂ ಬೋಳಿಸಿಕೊಂಡು ಬಂದ. ಅಕ್ಕನ ವಿಷಯ ನಾವು ದಾಕ್ಷಾಯಿಣಿಗೆ ಆಪರೇಷನ್ ಆಗುವವರೆಗೂ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಹಾಸಿಗೆಯ ಪಕ್ಕದ ಗಂಟೆ ನೋಡಿ, ಇದ್ಯಾಕೆ ಭವ್ಯಾ ಎಂದು ಕೇಳಿದಳು. ಭವ್ಯ ಎಲ್ಲ ಹೇಳಿದಳು. ಅವತ್ತಿನಿಂದ ಅವಳು ನಿನ್ನ ಫೋನು ಎತ್ತಿಲ್ಲ.

ಭಾನುವಾರ ಭವ್ಯ ಶಿರಾದಿಂದ ಬಂದು, ಮಾವ ಬಂದಿದ್ದರು, ವಾಪಸು ಕಳಿಸಿದೆ ಎಂದು ತಿಳಿದು ನನ್ನನ್ನು ಬಯ್ದದ್ದು ಇಷ್ಟಿಷ್ಟಲ್ಲ. “ಅವಳು ನನ್ನ ಪೇಷೆಂಟಮ್ಮ. ನಿನ್ನ ಜಗಳಕ್ಕೆ ಅವಳನ್ನ ಅಗುಳಿ ಮಾಡ್ಬೇಡ. ಅವಳಪ್ಪ ಬಂದ್ರೆ ಬಾಗ್ಲು ತೆಗಿ” ಅಂದಳು. ಡಾಕ್ಟರಿಗೆ ಕಾಯಿಲೆಯ ಮೇಲೆ ಮಾತ್ರ ಸಿಟ್ಟು ಇರುತ್ತದೇನೋ. ನನಗೆ ನಿನ್ನ ಮೇಲೆ ಇದೆ, ಇಟ್ಟುಕೊಂಡೇ ಸಾಯುತ್ತೇನೆ. ಆದ್ದರಿಂದ ಷರತ್ತು ಕೇಳು. ಶ್ರಾವಣದ ಕಡೇ ಸೋಮವಾರ ಗದ್ದುಗೆ ಪೂಜೆ. ಮಂಗಳಾರತಿಯಾದ ಮೇಲೆ ಪೂಜಾರಿ ಮರುಳಸಿದ್ದಯ್ಯ ಮೈಕನ್ನು ಪ್ರತಿ ವರ್ಷ ನಿನ್ನ ಕೈಗೆ ಕೊಡುತ್ತಾನೆ, ನೀನು ಅಕ್ಕನ ತಪಸ್ಸಿನ ಕಥೆ ಹೇಳಿ ಕಣ್ಣೊರೆಸಿಕೊಳ್ಳುತ್ತೀಯ. ಈ ಸಲ ಇಷ್ಟು ಹೇಳು: ನಮ್ಮಕ್ಕ ಅನುಷ್ಠಾನಕ್ಕೆ ಕೂರಲಿಲ್ಲ, ಅವಳಿಗೆ ಎದೆಯ ಕ್ಯಾನ್ಸರ್ ಇತ್ತು, ನಾನು ಆಸ್ಪತ್ರೆಗೆ ಕರೆದುಕೊಂಡು ಹೋಗದೆ ಕೂಡಿಹಾಕಿದೆ, ಈ ವಿಭೂತಿಯಿಂದ ಯಾವ ಗಂಟೂ ಕರಗುವುದಿಲ್ಲ, ಕಾರಿನ ಹತ್ತಿರ ನನ್ನ ತಂಗಿಯ ಮಗಳು ಕೂತಿದ್ದಾಳೆ, ಹೋಗಿ ತೋರಿಸಿಕೊಳ್ಳಿ. ಅವತ್ತು ಭವ್ಯಳನ್ನು ಕಾರಿನೊಂದಿಗೆ ಅಲ್ಲಿಗೆ ಕಳಿಸುವುದು ನನ್ನ ಹೊಣೆ. ನಾನು ಬಂದು ಹೇಳಬಹುದಿತ್ತು. ಹೇಳಿದರೆ ಹೊಟ್ಟೆಕಿಚ್ಚಿನ ತಂಗಿ ಎಂದು ಮತ್ತೆ ಸೆರಗು ಹಿಡಿದು ಎಳೆಯುತ್ತಾರೆ. ನಿನ್ನ ಸುಳ್ಳನ್ನು ನಂಬಿದ ಜನ ನಿಜವನ್ನೂ ನಿನ್ನ ಬಾಯಿಂದಲೇ ಕೇಳಬೇಕು. ಅವರು ನಿನಗೆ ಏನು ಮಾಡುತ್ತಾರೋ, ನೀನು ಆಮೇಲೆ ಆ ಊರಿನಲ್ಲಿ ತಲೆ ಎತ್ತಿ ಹೇಗೆ ಓಡಾಡುತ್ತೀಯೋ, ಅದು ನನ್ನ ಚಿಂತೆಯಲ್ಲ. ಹೇಳಿದ ದಿನ ಸಂಜೆ ಬಾ, ಬಾಗಿಲು ತೆರೆದಿರುತ್ತದೆ, ಬಿಸಿಮುದ್ದೆಯೂ ಇರುತ್ತದೆ. ಹೇಳದಿದ್ದರೆ ಹೊಂಗೆಮರದ ಕೆಳಗಿನ ಕಲ್ಲು ಇದೆ.

ಮಂಡಿಗೆ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿಸಿಕೋ. ಮಾತ್ರೆ ತಪ್ಪಿಸಬೇಡ. ಮಗ ಸೊಸೆಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಪಾದಕ್ಕೆ ನಮಸ್ಕಾರ ಎಂದು ಬರೆಯಬೇಕಾದ ಜಾಗ ಇದು. ಅದನ್ನು ಖಾಲಿ ಬಿಟ್ಟಿದ್ದೇನೆ, ಸೋಮವಾರ ಕಳೆದ ಮೇಲೆ ನೋಡೋಣ.

ಅಕ್ಕನ ತಂಗಿ,
ಇಂದ್ರಮ್ಮ

ತಾ.ಕ.: ಅಂಚೆಗೆ ಹಾಕಲು ಪ್ರಸನ್ನ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾನೆ, ಬೇಗ ಬರೆದು ಮುಗಿಸುತ್ತೇನೆ. ಮೇಲೆ ಹೊಟ್ಟೆ ತಣ್ಣಗಾಯಿತು ಎಂದು ಬರೆದದ್ದು ಅರ್ಧ ನಿಜ. ನೀನು ಆ ಕಲ್ಲಿನ ಮೇಲೆ ಕೂತು ಶಲ್ಯದಲ್ಲಿ ಮುಖ ಒರೆಸಿಕೊಂಡಾಗ ನನಗೆ ತಡೆಯಲು ಆಗಲಿಲ್ಲ. ಎಷ್ಟಾದರೂ ಒಂದೇ ಕೈಯ ತುತ್ತು ತಿಂದು ಬೆಳೆದವರು ನಾವು. ಚೊಂಬಿನಲ್ಲಿ ನೀರು ಹಿಡಿದು ಅಗುಳಿ ತೆಗೆಯಲು ಹೋದೆ. ಆಗ ಒಳಗೆ ಮತ್ತೆ ಗಂಟೆ ಬಾರಿಸಿತು, ನಿಲ್ಲಲೇ ಇಲ್ಲ, ಓಡಿದೆ. ದಾಕ್ಷಾಯಿಣಿ ಎದ್ದು ಕೂತಿದ್ದಳು. “ಬ್ಯಾಡ ಅತ್ತೆ. ನಾಳೆ ನನ್ ಮಗಳ್ನ ಯಾವ್ ಡಾಕ್ಟ್ರಾದ್ರೂ ಕೇಳಿದ್ರೆ, ನಮ್ ಮನೇಲಿ ಇತ್ತು ಅಂತ ಅವ್ಳು ಹೇಳ್ಬೇಕು. ಅಪ್ಪ ಅದ್ನ ಊರ್ ಮುಂದೆ ಹೇಳೋಗಂಟ ಬಾಗ್ಲು ತೆಗೀಬ್ಯಾಡ” ಅಂದಳು. ಷರತ್ತು ಅವಳದು ಅಣ್ಣ, ನನ್ನದಲ್ಲ. ಭವ್ಯಳಿಗೂ ಇದು ಗೊತ್ತಿಲ್ಲ, ಬೈಸಿಕೊಂಡು ಸುಮ್ಮನಿದ್ದೆ. ನಿನ್ನ ಮಗ ರೇಣುಕಪ್ರಸಾದ್ ಪೂಜೆಯನ್ನು ಮೊಬೈಲಿನಲ್ಲಿ ಲೈವ್ ಹಾಕುತ್ತಾನಲ್ಲ, ಸೋಮವಾರ ಅವಳು ಅದನ್ನು ನೋಡುತ್ತಾ ಕೂತಿರುತ್ತಾಳೆ. ನಿನ್ನ ಮೊಮ್ಮಗಳೂ ಅವಳ ಪಕ್ಕದಲ್ಲೇ ಇರುತ್ತಾಳೆ.